ಒಳ್ಳೆಯ ಮನಸ್ಸೊಂದೇ ಸಾಕೆ?

ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಕಷ್ಟವೇ ಸರಿ. ಆದರೆ ಅದಕ್ಕಿಂತಲೂ ಕಷ್ಟವಾದದ್ದೊಂದು ಉಂಟೆಂದು ನನಗೆ ಈಚೆಗೆ ತಿಳಿಯಿತು. ಒಳ್ಳೆಯದೆಂದು ನಂಬಿ, ಪ್ರೀತಿಯಿಂದ, ಶ್ರದ್ಧೆಯಿಂದ ಮಾಡಿದ ಕೆಲಸ ಒಳ್ಳೆಯದಾಗಿರಲಿಲ್ಲವೆಂದು ಒಪ್ಪಿಕೊಳ್ಳುವುದು. ತಪ್ಪೆಂದು ಗೊತ್ತಿದ್ದೂ ಮಾಡಿದವನಿಗೆ ಕ್ಷಮೆ ಕೇಳುವ ಒಂದು ದಾರಿಯಾದರೂ ಇರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಕೆಡುಕು ಮಾಡಿದವನು ಯಾರನ್ನು ಕ್ಷಮೆ ಕೇಳಬೇಕು? ಏನೆಂದು ಕೇಳಬೇಕು?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಒಂದು ಟಾಲ್ಕಂ ಪೌಡರಿನ ಡಬ್ಬಿ. ನಗಬೇಡಿ, ಸಂಗತಿಯನ್ನು ಹೇಳುತ್ತೇನೆ.

ನಮ್ಮ ಮನೆ ಇರುವುದು ಮಲವಗೊಪ್ಪದಲ್ಲಿ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯ ಮೇಲೆ, ಅತ್ತ ಪೇಟೆಯೂ ಅಲ್ಲದ ಇತ್ತ ಹಳ್ಳಿಯೂ ಅಲ್ಲದ ಊರು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ನರ್ಸ್ ಇದ್ದಾರೆ. ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮುದುಕರಿಗೂ ಮಕ್ಕಳಿಗೂ ಅವರು 'ಸಿಸ್ಟರ್'. ಮೂರು ದಶಕಗಳ ಅನುಭವ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಒಮ್ಮೆ ಅವರಿಗೆ ತೋರಿಸಿದರೇ ನಮ್ಮ ಬೀದಿಗೆ ಸಮಾಧಾನ.

ಕಳೆದ ಮಳೆಗಾಲದಲ್ಲಿ ನನ್ನ ತಾಯಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದು ಹತ್ತು ದಿನವಾಗಿತ್ತು. ಸೊಂಟದ ಹಿಂಬದಿಯ ಮೂಳೆಯ ಮೇಲೆ ಚರ್ಮ ಸ್ವಲ್ಪ ಬಣ್ಣಗೆಟ್ಟದ್ದು ನನ್ನ ಕಣ್ಣಿಗೆ ಬಿತ್ತು. ಇದರ ಉಪಚಾರ ನನಗೆ ಗೊತ್ತು ಎಂಬ ಧೈರ್ಯದಿಂದ ಸ್ಪಿರಿಟ್ ತಂದೆ, ಪೌಡರ್ ತಂದೆ. ಅಮ್ಮನನ್ನು ಮಗ್ಗುಲಾಗಿಸಿ ಆ ಜಾಗವನ್ನು ಮೆತ್ತಗೆ ತಿಕ್ಕತೊಡಗಿದೆ. ಹದಿನೇಳು ವರ್ಷದ ಹಿಂದೆ ನಮ್ಮ ತಂದೆ ಹೀಗೆಯೇ ಮಲಗಿದ್ದಾಗ ದಿನಕ್ಕೆ ಎರಡು ಸಲ ಮಾಡಿದ ಕೆಲಸ. ಕೈ ಅದನ್ನು ಮರೆತಿರಲಿಲ್ಲ.

ಅಷ್ಟರಲ್ಲಿ ಅಮ್ಮನನ್ನು ನೋಡಲು ಸಿಸ್ಟರ್ ಬಂದರು. ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ತಿಕ್ಕಬೇಡಿ" ಎಂದರು.

"ನೀವೇ ಹೇಳಿಕೊಟ್ಟದ್ದಲ್ಲವೆ ಸಿಸ್ಟರ್, ಅಪ್ಪನಿಗೆ?"

"ಹೌದು, ನಾನೇ ಹೇಳಿಕೊಟ್ಟದ್ದು. ಈಗ ನಾನೇ ಬೇಡ ಅಂತಿದೀನಿ."

ಕೈ ತೊಳೆದುಕೊಂಡು ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತು ಅವರು ವಿವರಿಸಿದರು. ಒಂದೇ ಮಗ್ಗುಲಲ್ಲಿ ಮಲಗಿದವರಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಸಿಕ್ಕಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳು ಒತ್ತಿಹೋಗಿ ಅಲ್ಲಿಗೆ ರಕ್ತ ಬರುವುದು ನಿಲ್ಲುತ್ತದೆ. ಮೇಲೆ ಬಣ್ಣ ಕೆಟ್ಟಂತೆ ಕಾಣುವ ಹೊತ್ತಿಗೆ ಒಳಗೆ ಆಗಲೇ ನೋವಾಗಿರುತ್ತದೆ. ಅದನ್ನು ತಿಕ್ಕಿದರೆ ಸೋತ ನಾಳಗಳು ಇನ್ನಷ್ಟು ಹರಿಯುತ್ತವೆ. ಸ್ಪಿರಿಟ್ಟು ಚರ್ಮವನ್ನು ಒಣಗಿಸುತ್ತದೆ. ಅಪ್ಪನ ಕಾಲದಲ್ಲಿ ಕೆಳಗೆ ಇಡುತ್ತಿದ್ದೆವಲ್ಲ, ಗಾಳಿ ತುಂಬಿದ ರಬ್ಬರ್ ರಿಂಗು, ಅದೂ ಬೇಡ. ನಡುವಿನ ಜಾಗಕ್ಕೆ ಆರಾಮವಾಯಿತೆಂದು ನಾವು ತಿಳಿಯುತ್ತೇವೆ; ಸುತ್ತಲಿನ ಒತ್ತಡದಿಂದ ಆ ನಡುವಿನ ಜಾಗಕ್ಕೇ ರಕ್ತ ತಪ್ಪುತ್ತದೆ. ಮಾಡಬೇಕಾದದ್ದು ಬೇರೆ: ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸಬೇಕು, ಪೂರ್ತಿ ಮಗ್ಗುಲಾಗಿಸದೆ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿ ಮಲಗಿಸಬೇಕು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಕದಂತೆ ನೋಡಬೇಕು, ಎಳೆಯಬಾರದು, ಎತ್ತಿ ಸರಿಸಬೇಕು. ಬೆರಳಿನಿಂದ ಒತ್ತಿದಾಗ ಬಣ್ಣ ಬಿಳಿಚಿಕೊಂಡು ಮರಳಿ ಬಂದರೆ ಭಯವಿಲ್ಲ. ಬಿಳಿಚಿಕೊಳ್ಳದಿದ್ದರೆ ಅದು ಹುಣ್ಣಿನ ಮೊದಲ ಹಂತ. "ಆದರೆ ನಮ್ಮಂಥ ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣೋದಿಲ್ಲ ಮೇಷ್ಟ್ರೇ. ಕೈಯ ಹಿಂಬದಿ ಇಟ್ಟು ನೋಡಬೇಕು, ಬಿಸಿ ಇದೆಯಾ, ಗಟ್ಟಿ ಆಗಿದೆಯಾ ಅಂತ. ಇದನ್ನೂ ನಾನು ಆಮೇಲೇ ಕಲಿತದ್ದು."

ನಾನು ಕೇಳಬಾರದೆಂದುಕೊಂಡೂ ಕೇಳಿಬಿಟ್ಟೆ: "ಹಾಗಾದರೆ ಅಪ್ಪನಿಗೆ ನಾವು ಮಾಡಿದ್ದು?"

ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವತ್ತು ನನಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿದ್ದದ್ದನ್ನ ಮನಸ್ಸಿಟ್ಟೇ ಮಾಡಿದೆ. ಆದರೆ ಅದು ಸರಿ ಇರಲಿಲ್ಲ. ಎಷ್ಟು ಮನೆಯಲ್ಲಿ ಹಾಗೆ ಹೇಳಿಕೊಟ್ಟಿದೀನೋ ಲೆಕ್ಕ ಇಲ್ಲ ಮೇಷ್ಟ್ರೇ" ಎಂದರು. ಒಡನೆಯೇ, "ಇನ್ನೊಂದು ದಿಂಬು ಇದೆಯಾ? ಸ್ವಲ್ಪ ತೆಳ್ಳಗಿರೋದು?" ಎಂದು ಕೇಳಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲು ಬಂದದ್ದು ಕೋಪ. ತಂದೆಯವರು ಹೋದದ್ದು ಹುಣ್ಣಿನಿಂದಲ್ಲ; ಆದರೆ ಹುಣ್ಣಿನೊಡನೆ ಹೋದರು. ಬಟ್ಟೆ ಬದಲಾಯಿಸುವಾಗ ಅವರು ಹಲ್ಲು ಕಚ್ಚುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಕೈಯೇ ಆ ನೋವನ್ನು ಹೆಚ್ಚಿಸಿತೆ? ಇಷ್ಟು ವರ್ಷ ನನಗಿದ್ದ ಒಂದೇ ಸಮಾಧಾನವೆಂದರೆ, 'ಮಗನಾಗಿ ಮಾಡಬೇಕಾದದ್ದನ್ನು ಮಾಡಿದೆ' ಎಂಬುದು. ಅದನ್ನೂ ಸಿಸ್ಟರ್ ಒಂದು ಮಾತಿನಲ್ಲಿ ಕಸಿದುಕೊಂಡಿದ್ದರು. ಅವರು ಸುಳ್ಳು ಹೇಳಬಹುದಿತ್ತು. 'ಅದೂ ಸರಿ, ಇದೂ ಸರಿ; ಈಗ ಪದ್ಧತಿ ಬೇರೆ' ಎಂದಿದ್ದರೆ ನಾನು ನಂಬುತ್ತಿದ್ದೆ; ಅವರ ಗೌರವವೂ ಉಳಿಯುತ್ತಿತ್ತು. ಏಕೆ ಹೇಳಲಿಲ್ಲ?

ನಮ್ಮಲ್ಲಿ ಒಂದು ಬಲವಾದ ನಂಬಿಕೆಯಿದೆ: ಸೇವೆಗೆ ಬೇಕಾದದ್ದು ಮನಸ್ಸು, ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು. ನರ್ಸುಗಳನ್ನು ಹೊಗಳುವಾಗಲೂ ನಾವು ಹೊಗಳುವುದು ಅವರ ತಾಳ್ಮೆಯನ್ನು, ತಾಯ್ತನವನ್ನು, ಅವರ ತಿಳಿವಳಿಕೆಯನ್ನಲ್ಲ. ನಮ್ಮ ಪೂರ್ವಿಕರು ಹೀಗೆ ಯೋಚಿಸಿರಲಿಲ್ಲವೆಂಬುದು ಗಮನಿಸತಕ್ಕದ್ದು. ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು. ಉಪಚಾರದ ತಿಳಿವಳಿಕೆ, ಕೈಚಳಕ, ಅನುರಾಗ, ಶುಚಿತ್ವ. ಅನುರಾಗಕ್ಕೆ ಅಲ್ಲಿ ಮೂರನೆಯ ಸ್ಥಾನ, ಮೊದಲನೆಯದು ತಿಳಿವಳಿಕೆಗೆ. ಪ್ರೀತಿಯನ್ನು ಕೀಳು ಮಾಡಬೇಕೆಂದು ಹೀಗೆ ಬರೆದರೆಂದು ನನಗೆ ತೋರುವುದಿಲ್ಲ. ತಿಳಿಯದ ಪ್ರೀತಿಯ ಕೈಯಲ್ಲಿ ರೋಗಿ ಪಡುವ ಪಾಡನ್ನು ಅವರು ಕಂಡಿದ್ದಿರಬೇಕು.

ಇದಕ್ಕೆ ಹತ್ತಿರದ ಕಾಲದ ಒಂದು ನಿದರ್ಶನವಿದೆ. 1940ರ ದಶಕದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಕುರುಡಾಗತೊಡಗಿದವು. ವಿಚಿತ್ರವೆಂದರೆ ಬಡ ಆಸ್ಪತ್ರೆಗಳಿಗಿಂತ ಒಳ್ಳೆಯ ಆಸ್ಪತ್ರೆಗಳಲ್ಲಿಯೇ ಈ ಕುರುಡು ಹೆಚ್ಚು. ಕೊನೆಗೆ ಸಂಶಯ ಬಂದದ್ದು ಆ ಕೂಸುಗಳಿಗೆ ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕದ ಮೇಲೆ. ವಾಷಿಂಗ್‌ಟನ್ನಿನ ಒಂದು ಆಸ್ಪತ್ರೆಯಲ್ಲಿ ಕೆಲವು ಕೂಸುಗಳಿಗೆ ಆಮ್ಲಜನಕವನ್ನು ಕಡಮೆ ಮಾಡಿ ಪರೀಕ್ಷೆ ನಡೆಸಿದರು. ರಾತ್ರಿಪಾಳಿಯ ದಾದಿಯರಲ್ಲಿ ಕೆಲವರಿಗೆ ಇದನ್ನು ನೋಡಲಾಗಲಿಲ್ಲ. ಉಸಿರಿಗಾಗಿ ಒದ್ದಾಡುವ ಹಸುಳೆಗೆ ಗಾಳಿಯನ್ನೂ ಕೊಡದಿರುವುದೆ ಎಂದು ಮರುಗಿ, ಡಾಕ್ಟರು ಹೋದ ಮೇಲೆ ಗುಟ್ಟಾಗಿ ಆಮ್ಲಜನಕವನ್ನು ಮತ್ತೆ ತಿರುಗಿಸಿ ಹೆಚ್ಚಿಸುತ್ತಿದ್ದರಂತೆ. ಮುಂದೆ 1953-54ರಲ್ಲಿ ಹದಿನೆಂಟು ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯಿಂದ ಸಂಶಯ ನಿಜವೆಂದು ಸ್ಥಿರಪಟ್ಟಿತು. ಅಷ್ಟರೊಳಗೆ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡಿದ್ದರೆಂದು ಅಂದಾಜು. ಆ ರಾತ್ರಿಗಳಲ್ಲಿ ಕೊಳವೆಯನ್ನು ತಿರುಗಿಸಿದ ಕೈ ಕ್ರೂರಿಯದಲ್ಲ. ಕರುಣೆಯೇ ಆ ಕೈಯನ್ನು ಹಿಡಿದು ತಿರುಗಿಸಿತ್ತು. ಇದನ್ನು ನೆನೆದಾಗ ನನ್ನ ಪೌಡರ್ ಡಬ್ಬಿ ನನ್ನನ್ನೇ ನೋಡುವಂತಾಗುತ್ತದೆ.

ನರ್ಸುಗಳ ಕುಲದೇವತೆಯಂತಿರುವ ಫ್ಲಾರೆನ್ಸ್ ನೈಟಿಂಗೇಲಳ ಕಥೆಯನ್ನೂ ನಾವು ಅರ್ಧವೇ ಕೇಳಿದ್ದೇವೆ. 1854ರಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಳು. ಕತ್ತಲೆಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ಓಡಾಡಿದಳು. ಪಾಠಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಆ ಚಳಿಗಾಲದಲ್ಲಿ ಅವಳು ಅಲ್ಲಿದ್ದಾಗಲೇ ಸಾವು ಏರುತ್ತ ಹೋಯಿತು. 1855ರ ಮಾರ್ಚಿಯಲ್ಲಿ ಬಂದ ನೈರ್ಮಲ್ಯದ ಆಯೋಗ ಚರಂಡಿಗಳನ್ನು ಶುದ್ಧಿ ಮಾಡಿಸಿ ಗಾಳಿ ಆಡುವಂತೆ ಮಾಡಿದ ಮೇಲೆ ಬಹಳ ಇಳಿಯಿತು. ಯುದ್ಧ ಮುಗಿದ ಮೇಲೆ ಅವಳು ಊರಿಗೆ ಮರಳಿ ಹೂಮಾಲೆ ಹಾಕಿಸಿಕೊಂಡು ಕೂರಲಿಲ್ಲ. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನ ನೆರವಿನಿಂದ ಸಾವಿನ ಲೆಕ್ಕಗಳನ್ನು ಮುಂದೆ ಹರಡಿಕೊಂಡು ಕುಳಿತಳು. ಸೈನಿಕರಲ್ಲಿ ಬಹುಮಂದಿ ಸತ್ತದ್ದು ಗಾಯದಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಎಂದು ಆ ಲೆಕ್ಕ ಹೇಳಿತು. ತಾನು ಹಗಲಿರುಳು ಸೇವೆ ಮಾಡಿದ ಆಸ್ಪತ್ರೆಯ ಬಗೆಗೇ ಅಂಥ ಲೆಕ್ಕವನ್ನು ಬರೆಯಲು ದೀಪ ಹಿಡಿಯುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಾಲೆ ತೆರೆದದ್ದು ಇದೆಲ್ಲ ಆದ ಮೇಲೆ.

ಇರಲಿ. ದೂರದ ಮಾತು ಸಾಕು. ನಮ್ಮ ಬೀದಿಗೆ ಬರೋಣ.

ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ: ಅಪ್ಪನ ವಿಷಯದಲ್ಲಿ ಸಿಸ್ಟರೂ ನಾನೂ ದೋಷಿಗಳೆ? ಎಷ್ಟೋ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಕೈಗೆಟುಕದ ತಿಳಿವಳಿಕೆ ಇಲ್ಲವೆಂದು ಯಾರನ್ನೂ ದೂರಲಾಗದು. ಕಲಿಸಿದವರು ಕಲಿಸಿದ್ದನ್ನು ಕಲಿತು, ಕಲಿತದ್ದನ್ನು ಮನಸ್ಸಿಟ್ಟು ಮಾಡಿದವರಿಗೆ ದೋಷವಿಲ್ಲ. ಆದರೆ ಆ ನಿರ್ದೋಷಕ್ಕೆ ಒಂದು ಕರಾರು ಇದೆ. 'ತಿಳಿದಿದ್ದರೆ ಹಾಗೆ ಮಾಡುತ್ತಿರಲಿಲ್ಲ' ಎಂದು ಹೇಳುವವನು, ತಿಳಿಯುವ ಅವಕಾಶ ಬಂದಾಗ ತಿಳಿದುಕೊಂಡು ತೋರಿಸಬೇಕು. ಅವಕಾಶ ಬಂದಾಗ ಮುಖ ತಿರುಗಿಸಿದರೆ ಹಿಂದಿನ ಅಜ್ಞಾನವೂ ಅವನದೇ ಆಯ್ಕೆಯಾಗಿಬಿಡುತ್ತದೆ. ಅಂದರೆ, ನಿನ್ನೆಯ ನಮ್ಮ ಕೈಯನ್ನು ನಿರ್ದೋಷಿಯೆಂದು ಉಳಿಸುವ ಶಕ್ತಿ ಇಂದಿನ ನಮ್ಮ ಕಲಿಕೆಗೆ ಇದೆ. ಸಿಸ್ಟರ್ ಅಂದು ನನ್ನ ಕೈ ಹಿಡಿದು ತಡೆದದ್ದರಿಂದಲೇ ಅಪ್ಪನಿಗೆ ಅವರು ಮಾಡಿದ ಸೇವೆ ಇಂದಿಗೂ ಸೇವೆಯಾಗಿ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ.

ಅವರು ಕಲಿತ ಬಗೆಯನ್ನೂ ಹೇಳಬೇಕು. ಹುಡುಗಿಯಾಗಿದ್ದಾಗ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು. ನಲವತ್ತರ ಆಚೀಚೆ, ಮಕ್ಕಳು ಹೈಸ್ಕೂಲಿನಲ್ಲಿದ್ದಾಗ, ಡಿಪ್ಲೊಮಾದವರಿಗೆಂದೇ ಇರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಗೆ ಸೇರಿದರು. ತನ್ನ ಮಗಳ ವಾರಗೆಗಿಂತ ಸ್ವಲ್ಪವೇ ದೊಡ್ಡವರಾದ ಹುಡುಗಿಯರ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತರು. ಬೀದಿಯಲ್ಲಿ ನಕ್ಕವರೂ ಉಂಟು. 'ಇನ್ನೇನು ಡಾಕ್ಟರಾಗುತ್ತಾರೇನೋ' ಎಂದರು. ಇಂದಿಗೂ ಅವರ ಕೈಚೀಲದಲ್ಲಿ ಒಂದು ನೋಟ್‌ಬುಕ್ಕು ಇರುತ್ತದೆ. ನಾನು ಕೇಳಿದ್ದಕ್ಕೆ ತೋರಿಸಿದರು. ಪ್ರತಿ ಹಾಳೆಗೂ ನಡುವೆ ಒಂದು ಗೀಟು. ಎಡಗಡೆ 'ಹಿಂದೆ', ಬಲಗಡೆ 'ಈಗ'. ಎಡಗಡೆ: ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿಯನ್ನು ಕೂಡಲೆ ಕತ್ತರಿಸುವುದು. ಬಲಗಡೆ: ಒಂದು ನಿಮಿಷವಾದರೂ ತಾಳುವುದು. ಎಡಗಡೆ: ಹುಟ್ಟಿದೊಡನೆ ಸ್ನಾನ. ಬಲಗಡೆ: 24 ಗಂಟೆ ತಾಳಿ, ಕೂಸನ್ನು ತಾಯಿಯ ಎದೆಗೆ ಒರಗಿಸಿ ಬೆಚ್ಚಗಿಡುವುದು. ಎಡಗಡೆಯದನ್ನು ಅವರು ಎಲ್ಲಿಯೂ ಹೊಡೆದುಹಾಕಿಲ್ಲ. ಏಕೆಂದು ಕೇಳಿದೆ. "ಇರಲಿ ಮೇಷ್ಟ್ರೇ, ನಾನು ಮಾಡಿದ್ದಲ್ಲವಾ" ಎಂದರು.

"ನಾಳೆ ಬಲಗಡೆಯದೂ ತಪ್ಪು ಅಂದರೆ?" ಎಂದು ನಾನು ತರ್ಕ ಹೂಡಿದೆ.

"ಅಂದರೆ ಅವತ್ತು ಬದಲಾಯಿಸೋದು. ನಾಳೆ ಬದಲಾಗಬಹುದು ಅಂತ ಇವತ್ತು ಗೊತ್ತಿರೋದನ್ನ ಮಾಡದೇ ಇರೋಕಾಗುತ್ತಾ?"

ಮಾನವನ ಬೆಳವಣಿಗೆಯೆಂದರೆ ಮನೆಯ ಮೇಲೆ ಮನೆ ಕಟ್ಟಿದಂತೆ ಒಂದರ ಮೇಲೊಂದು ಪದವಿ ಪೇರಿಸುವುದೆಂದು ನಾನು ತಿಳಿದಿದ್ದೆ. ಆ ನೋಟ್‌ಬುಕ್ಕನ್ನು ನೋಡಿದ ಮೇಲೆ, ನಿನ್ನೆಯ ತನ್ನನ್ನು ಅಳಿಸಿಹಾಕದೆ, ಸಮರ್ಥಿಸಿಕೊಳ್ಳದೆ, ಪಕ್ಕದಲ್ಲಿಟ್ಟುಕೊಂಡು ನೋಡಬಲ್ಲ ಶಕ್ತಿಯೇ ಬೆಳವಣಿಗೆ ಎನ್ನಿಸಿತು.

ಇಂಥ ಕಲಿಕೆಯನ್ನು ಕಾನೂನಿನಿಂದ ತರಬಹುದೆ? ತರುವ ಪ್ರಯತ್ನವಂತೂ ನಡೆದಿದೆ. 1947ರ ಕಾಯ್ದೆಯಂತೆ ಹುಟ್ಟಿದ ಭಾರತೀಯ ಶುಶ್ರೂಷಾ ಪರಿಷತ್ತು, ನರ್ಸುಗಳು ತಮ್ಮ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕಾದರೆ ಆ ಅವಧಿಯಲ್ಲಿ 150 ಗಂಟೆಯ ಮುಂದುವರಿಕೆ ಶಿಕ್ಷಣ ಪಡೆದಿರಬೇಕೆಂದು ನಿಯಮ ಮಾಡಿತು. ಆ ಹಳೆಯ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ಹೊಸದೊಂದು ಕಾಯ್ದೆಯನ್ನೂ ಮಾಡಿತು. ಐದು ವರ್ಷಕ್ಕೆ 150 ಗಂಟೆಯೆಂದರೆ ವರ್ಷಕ್ಕೆ 30 ಗಂಟೆ. ವಾರಕ್ಕೆ ಸುಮಾರು 35 ನಿಮಿಷ. ನಾವು ದಿನವೂ ಪತ್ರಿಕೆ ಓದುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಆದರೆ ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ರಾತ್ರಿಪಾಳಿ ಮುಗಿಸಿ, ಬಸ್ಸು ಹಿಡಿದು ಬಂದು, ಒಲೆ ಹಚ್ಚಿ, ಮಕ್ಕಳನ್ನು ಶಾಲೆಗೆ ಕಳುಹಿಸಿ ಕಣ್ಣು ಮುಚ್ಚುವ ಹೆಂಗಸಿಗೆ ಆ 35 ನಿಮಿಷ ಎಲ್ಲಿಂದ ಬರಬೇಕು? ಹತ್ತು ರೋಗಿಗಳನ್ನು ನೋಡಬೇಕಾದವಳ ಪಾಲಿಗೆ ಮೂವತ್ತು ರೋಗಿಗಳು ಬಂದರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂದು ಕಲಿತೂ ಅವಳು ಏನು ಮಾಡಿಯಾಳು? ಕಲಿಯಬೇಕೆಂದು ಅವಳಿಗೆ ವಿಧಿಸುವ ಸಮಾಜ, ಕಲಿಯುವ ಹೊತ್ತನ್ನೂ ಕಲಿತದ್ದನ್ನು ಮಾಡುವ ಅನುಕೂಲವನ್ನೂ ಅವಳಿಗೆ ಕೊಡಬೇಕಾದ ಋಣದಲ್ಲಿದೆ. ಆ ಋಣವನ್ನು ತೀರಿಸದೆ ಗಂಟೆಗಳನ್ನಷ್ಟೆ ಎಣಿಸಿದರೆ ಸಿಕ್ಕುವುದು ಪ್ರಮಾಣಪತ್ರ ಮಾತ್ರ.

ಪ್ರಮಾಣಪತ್ರದ ವಿಷಯದಲ್ಲಿ ನಾನು ಅಧಿಕಾರವಾಣಿಯಿಂದ ಮಾತನಾಡಬಲ್ಲೆ. ಕಾಲೇಜಿನ ಅಧ್ಯಾಪಕರಿಗೂ ಬಡ್ತಿ ಬೇಕಾದರೆ ಪುನಶ್ಚೇತನ ಶಿಬಿರಗಳಿಗೆ ಹೋಗಿಬರಬೇಕು. ನಾನೂ ಹೋಗಿದ್ದೇನೆ. ಹಿಂದಿನ ಸಾಲಿನಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದಿದ್ದೇನೆ. ಹನ್ನೊಂದು ಗಂಟೆಯ ಚಹಕ್ಕೆ ಮೊದಲಿಗನಾಗಿ ಎದ್ದಿದ್ದೇನೆ. ಕೊನೆಯ ದಿನದ ಗುಂಪುಚಿತ್ರದಲ್ಲಿ ನಡುವೆ ನಿಂತಿದ್ದೇನೆ. ನಾನು ಪಾಠ ಹೇಳುವ ಟಿಪ್ಪಣಿಗಳು ಎಂ.ಎ. ಓದುವಾಗ ಬರೆದುಕೊಂಡವು, ಹಾಳೆಗಳು ಹಳದಿಯಾಗಿ ಅಂಚು ಮುರಿಯುತ್ತಿವೆ. ಕೆಲವು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಹಳಗನ್ನಡದ ಒಂದು ಶಬ್ದಕ್ಕೆ ನಾನು ಹೇಳಿದ ಅರ್ಥ ಹೊಂದುವುದಿಲ್ಲವೆಂದು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪುಟವನ್ನೇ ಹೊತ್ತು ತಂದು ತೋರಿಸಿದಳು. ಅವಳು ಹೇಳಿದ್ದೇ ಸರಿ. ನಾನು 'ಪಾಠಾಂತರವಿದೆ' ಎಂದು ಗಂಭೀರವಾಗಿ ನುಡಿದು ಜಾರಿಕೊಂಡೆ. ಹುಡುಗಿ ಸುಮ್ಮನಾದಳು. ಅವಳು ಕಲಿತದ್ದು ಆ ಶಬ್ದದ ಅರ್ಥವನ್ನೊ, ಮೇಷ್ಟರು ಜಾರುವ ಬಗೆಯನ್ನೊ, ಬಲ್ಲವರಾರು?

ನನ್ನ ತಪ್ಪಿನಿಂದ ಯಾರ ಮೈಯ ಮೇಲೂ ಹುಣ್ಣಾಗುವುದಿಲ್ಲ ಎಂಬ ಧೈರ್ಯ ನನಗೆ. ಸಿಸ್ಟರಿಗೆ ಆ ಧೈರ್ಯವಿಲ್ಲ. ಅವರು ಕಲಿಯದೆ ಉಳಿದದ್ದು ಇನ್ನೊಬ್ಬರ ಚರ್ಮದ ಮೇಲೆ ಬರೆದು ತೋರುತ್ತದೆ. ಆದ್ದರಿಂದಲೇ ಅವರು ನನ್ನಂತೆ ಜಾರಲಿಲ್ಲವೋ ಏನೋ.

ಒಂದು ಶಬ್ದದ ಅರ್ಥವನ್ನು ಕೆಡಿಸಿದವನು ಇನ್ನೊಂದು ಶಬ್ದದ ಅರ್ಥವನ್ನು ಹೇಳಿ ಮುಗಿಸುತ್ತೇನೆ. ನರ್ಸುಗಳ ಕೆಲಸಕ್ಕೆ ನಾವು 'ಶುಶ್ರೂಷೆ' ಎನ್ನುತ್ತೇವಷ್ಟೆ. ಈ ಶಬ್ದ 'ಶ್ರು' ಎಂಬ ಧಾತುವಿನಿಂದ ಬಂದದ್ದು. 'ಶ್ರು' ಎಂದರೆ ಕೇಳು. ಕುಡಿಯಬೇಕೆಂಬ ಇಚ್ಛೆ ಪಿಪಾಸೆ, ತಿಳಿಯಬೇಕೆಂಬ ಇಚ್ಛೆ ಜಿಜ್ಞಾಸೆ. ಹಾಗೆಯೇ ಕೇಳಬೇಕೆಂಬ ಇಚ್ಛೆ ಶುಶ್ರೂಷೆ. ಗುರುವಿನ ಮಾತನ್ನು ಕೇಳಲು ಕಾದಿರುವ ಶಿಷ್ಯನ ಗುಣಕ್ಕೆ ಮೊದಲು ಈ ಹೆಸರು. ಅಲ್ಲಿಂದ ಅವನು ಮಾಡುವ ಸೇವೆಗೆ ಬಂದು, ಕೊನೆಗೆ ರೋಗಿಯ ಆರೈಕೆಗೆ ನಿಂತಿತು. ಇಪ್ಪತ್ತು ವರ್ಷ ಈ ಧಾತುವನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ಕೇಳುವ ಇಚ್ಛೆ ನಿಂತ ದಿನ ಶುಶ್ರೂಷೆಯೂ ನಿಲ್ಲುತ್ತದೆಂದು ನನಗೆ ಹೊಳೆದದ್ದು ಸಿಸ್ಟರ್ ಇನ್ನೊಂದು ದಿಂಬು ಕೇಳಿದ ಮೇಲೆ.

ಈಗ ನಮ್ಮ ಮನೆಯಲ್ಲಿ ರಾತ್ರಿ ಹನ್ನೆರಡಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಗಂಟೆ ಬಾರಿಸುತ್ತದೆ. ನನ್ನಾಕೆಯೂ ನಾನೂ ಸರದಿಯ ಮೇಲೆ ಏಳುತ್ತೇವೆ. ಅಮ್ಮನನ್ನು ಎಳೆಯದೆ ಎತ್ತಿ ಸರಿಸಿ, ಬೆನ್ನಿಗೆ ದಿಂಬು ಕೊಟ್ಟು, ಕೈಯ ಹಿಂಬದಿಯಿಂದ ಆ ಜಾಗವನ್ನು ಮುಟ್ಟಿ ನೋಡುತ್ತೇನೆ. ಬಣ್ಣಗೆಟ್ಟಿದ್ದ ಚರ್ಮ ಈಗ ತಿಳಿಯಾಗಿದೆ. ಮೊನ್ನೆ ಅಮ್ಮ ಕಣ್ಣು ಬಿಟ್ಟು, ತೊದಲುತ್ತ, "ಅವರಿಗೆ ಪೌಡರ್ ಹಾಕ್ತಿದ್ದೆ, ನನಗೆ ಯಾಕೋ ಹಾಕಲ್ಲ?" ಎಂದು ಕೇಳಿದರು.

"ಅದು ಒಳ್ಳೆಯದಲ್ಲವಂತೆ ಅಮ್ಮ. ಅಪ್ಪನಿಗೂ ಹಾಕಬಾರದಾಗಿತ್ತು" ಎಂದೆ.

ಅಮ್ಮ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ವಾಧೀನವಿದ್ದ ಎಡಗೈಯನ್ನು ನನ್ನ ಕೈಯ ಮೇಲಿಟ್ಟು, "ನಿನಗೆ ಗೊತ್ತಿರಲಿಲ್ಲ" ಎಂದರು.